ಪುಸ್ತಕದಲ್ಲಿಲ್ಲದ ಸಾಲು

ಅವಳು ಕೇಳಿದ ಪ್ರಶ್ನೆಗೂ ಅವನು ತಲೆಯಾಡಿಸಿದ್ದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇಡೀ ಫಜೀತಿ ಶುರುವಾದದ್ದು ಅಲ್ಲಿಂದಲೇ.

ರೆಕಾರ್ಡಿಂಗ್ ಸ್ಟುಡಿಯೋದ ಗಾಜಿನ ಈಚೆ ಅವನು, ಆಚೆ ಅವಳು. ಅವನು ಸೌಂಡ್ ಎಂಜಿನಿಯರ್. ದಿನವಿಡೀ ಬೇರೆಯವರ ದನಿ ಕೇಳಿ ಕೇಳಿ ತನಗೂ ಒಂದು ದನಿ ಇದೆ ಎಂಬುದನ್ನೇ ಮರೆತವನ ಹಾಗಿರುತ್ತಿದ್ದ. ಹಾಗಾಗಿ ಸ್ಟುಡಿಯೋದಲ್ಲಿ ಎಲ್ಲರಿಗೂ ಅವನು ಮೌನಿ. ಅವಳು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಆಡಿಯೋಬುಕ್ ಮಾಡುವ ಓದುಗಿತ್ತಿ. ಈ ಸ್ಟುಡಿಯೋಗೆ ಅಂದೇ ಮೊದಲು ಬಂದಿದ್ದಳು.

ಅವಳ ಕಿವಿಯಲ್ಲಿ ಉದ್ದನೆಯ ಓಲೆಗಳಿದ್ದವು. ಕತ್ತು ತಿರುಗಿಸಿದಾಗಲೆಲ್ಲ ಸಣ್ಣಗೆ ಕಿಣಿಕಿಣಿ. ನಮಗೆ ನಿಮಗೆ ಅದು ಇಂಪು. ಮೈಕಿನ ಮೂಲಕ ಹೆಡ್‌ಫೋನಿಗೆ ಬಂದಾಗ ಪಾತ್ರೆ ಅಂಗಡಿ ಕುಸಿದು ಬಿದ್ದ ಹಾಗೆ. ಓಲೆ ಬೇಡ ಎಂದು ಹೇಳಲು ಮೌನಿ ತನ್ನ ಕಿವಿ ಮುಟ್ಟಿಕೊಂಡು ಗಾಜಿನಾಚೆಗೆ ಅಡ್ಡಡ್ಡ ತಲೆಯಾಡಿಸಿದ.

ಅದೇ ಹೊತ್ತಿಗೆ ಅವಳು ಕೇಳಿದ್ದಳು, "ನೀವು ಈ ಪುಸ್ತಕ ಓದಿದೀರಾ?"

ಅವನು ತಲೆಯಾಡಿಸುತ್ತಲೇ ಇದ್ದ.

"ಓದಿಲ್ವಾ!" ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ನಿಜವಾಗ್ಲೂ? ಒಂದು ಪುಟನೂ ಓದಿಲ್ವಾ? ಅಯ್ಯೋ ದೇವರೇ, ಎಂಥ ಅದೃಷ್ಟ ರೀ ನಿಮ್ದು! ದೈತ್ಯ ಯಾರು ಅಂತಲೇ ನಿಮಗಿನ್ನೂ ಗೊತ್ತಿಲ್ಲ! ಏನೂ ಮಾತಾಡ್ಬೇಡಿ. ಯಾರನ್ನೂ ಏನೂ ಕೇಳ್ಬೇಡಿ. ಕೊನೇ ಪುಟ ತಿರುಗಿಸಿ ನೋಡಿದ್ರೋ, ನಿಮ್ಮನ್ನ ಸುಮ್ನೆ ಬಿಡಲ್ಲ. ನಾನು ಓದೋದನ್ನ ಕೇಳಿಸಿಕೊಂಡೇ ನಿಮಗೆ ಕಥೆ ಗೊತ್ತಾಗ್ಬೇಕು. ಆಯ್ತಾ?"

ಒಳಗಿರುವವರ ಜತೆ ಮಾತಾಡಬೇಕೆಂದರೆ ಅವನ ಮೇಜಿನ ಮೇಲಿನ ಕೆಂಪು ಗುಂಡಿ ಒತ್ತಬೇಕು. ಒತ್ತಿದ. ಓದಿದೀನಿ ಎನ್ನಲು ಬಾಯಿಯನ್ನೂ ತೆರೆದ. ಅವಳು ಎರಡೂ ಕೈ ಕೆನ್ನೆಗಿಟ್ಟುಕೊಂಡು, ಯಾರಿಗೋ ಉಡುಗೊರೆ ಕೊಟ್ಟು ಅವರು ಪೊಟ್ಟಣ ಬಿಚ್ಚುವುದನ್ನೇ ಕಾಯುವವಳ ಹಾಗೆ ಅವನನ್ನೇ ನೋಡುತ್ತಿದ್ದಳು.

"ಓಲೆ... ಓಲೆ ತೆಗೀಬೇಕಿತ್ತು," ಎಂದ ಮಹಾಶಯ.

ಓದಿಲ್ಲವಂತೆ! 'ಬೂದಿಬೆಟ್ಟದ ಬಳಗ' ಅವನಿಗೆ ಬಾಯಿಪಾಠ. ಭೂಮಿಯ ಕಟ್ಟಕಡೆಯ ಕೆಂಡವನ್ನು ಒಂದು ಮಡಕೆಯಲ್ಲಿಟ್ಟುಕೊಂಡು, ಆರಿಹೋದ ಬೆಟ್ಟಕ್ಕೆ ಮತ್ತೆ ಬೆಂಕಿ ಹಚ್ಚಲು ಹೊರಟ ಒಂದು ಗುಂಪಿನ ಕಥೆ ಅದು. ಎಂಥ ಗುಂಪು ಅಂತೀರಿ! ತನ್ನ ನಕ್ಷೆಯಲ್ಲೇ ದಾರಿ ತಪ್ಪುವ ನಕ್ಷೆಗಾರ. ಎತ್ತರ ಕಂಡರೆ ಕಾಲು ನಡುಗುವ ದೈತ್ಯ. ಕದ್ದದ್ದನ್ನು ಮಾರನೇ ದಿನ ವಾಪಸ್ ಇಡುವ ಕಳ್ಳಿ ಅಜ್ಜಿ. ಎಲ್ಲದಕ್ಕೂ ಮೂಗು ತೂರಿಸುವ ಮಾತಾಡುವ ಹೇಸರಗತ್ತೆ. ಮಾತೇ ಆಡದ ರಾಜಕುಮಾರಿ. ಅವಳಿಗೆ ಯಾವುದೋ ಶಾಪ ತಗುಲಿದೆ ಎಂದು ಎಲ್ಲರೂ ನಂಬಿರುತ್ತಾರೆ.

ಚಿಕ್ಕವನಿದ್ದಾಗ ಅವನಿಗೆ ಅಕ್ಕ ಅದನ್ನು ಓದಿ ಹೇಳಿದ್ದಳು, ಒಬ್ಬೊಬ್ಬರಿಗೆ ಒಂದೊಂದು ದನಿ ಮಾಡಿ. ಆಮೇಲೆ ತಾನೇ ಓದಿದ. ಮತ್ತೆ ಓದಿದ. ಪರೀಕ್ಷೆಯ ದಿನಗಳಲ್ಲಿ ಓದಿದ, ಜ್ವರ ಬಂದಾಗ ಓದಿದ. ರಟ್ಟು ಕಿತ್ತುಹೋದ ಆ ಪ್ರತಿ ಇವತ್ತಿಗೂ ಅವನ ದಿಂಬಿನ ಪಕ್ಕದಲ್ಲೇ ಇದೆ. ಈಗ ಪ್ರಕಾಶಕರು ಅದನ್ನೇ ಹೊಸದಾಗಿ ಅಚ್ಚು ಹಾಕಿಸಿ ಆಡಿಯೋಬುಕ್ಕಿಗೂ ಕೊಟ್ಟಾಗ, ಈ ಕೆಲಸ ನನಗೇ ಬೇಕು ಎಂದು ಹುಟ್ಟಿದ್ದಕ್ಕೆ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದ್ದ ಮನುಷ್ಯ ಅವನು.

ಆ ಸಂಜೆ ಮನೆಯಲ್ಲಿ ಅಕ್ಕನಿಗೆ ಹೇಳಿದ. ಅಕ್ಕ ಹಲ್ಲಿನ ಡಾಕ್ಟರು. ಎದುರಿಗಿರುವವರು ಉತ್ತರ ಕೊಡಲಾಗದ ಸ್ಥಿತಿಯಲ್ಲಿ ಮಾತಾಡಿ ಮಾತಾಡಿ ಅಭ್ಯಾಸವಾದವಳು.

"ಪೆದ್ದೇ," ಎಂದಳು ಅಕ್ಕ. "ನಾಳೆ ಬೆಳಗ್ಗೆ ಹೋದ ತಕ್ಷಣ ಹೇಳಿಬಿಡು. ಇವತ್ತಾದ್ರೆ ಇದು ತಮಾಷೆ. ಒಂದು ವಾರ ಬಿಟ್ರೆ ಸುಳ್ಳಾಗುತ್ತೆ."

"ಅವಳ ಮುಖ ನೋಡಿದ್ರೆ ನೀನೂ ಹೇಳ್ತಿರ್ಲಿಲ್ಲ ಅಕ್ಕ."

"ಓಹೋ," ಎಂದು ಅಕ್ಕ ಕನ್ನಡಕ ಕೆಳಗಿಳಿಸಿ ತಮ್ಮನನ್ನು ನೋಡಿದಳು. "ಮುಖ ನೋಡಿದ್ಯಾ? ಸರಿಹೋಯ್ತು ಬಿಡು."

ಮರುದಿನ ಹೇಳಲಿಲ್ಲ. ಅದರ ಮರುದಿನವೂ ಇಲ್ಲ. ಹೇಳಲು ಅವಳು ಬಿಟ್ಟರಲ್ಲವೇ?

ಓದುತ್ತಾ ಓದುತ್ತಾ ಅವಳು ಪುಟದಿಂದ ಕಣ್ಣೆತ್ತಿ ಗಾಜಿನಾಚೆ ನೋಡುತ್ತಿದ್ದಳು. ಹೇಸರಗತ್ತೆ ಮೊದಲ ಸಲ ಬಾಯಿಬಿಟ್ಟು ಮಾತಾಡಿದಾಗ ಅವನಿಗೆ ಆಶ್ಚರ್ಯವಾಯಿತೇ ಎಂದು ನೋಡಿದಳು. ಅವನು ಹುಬ್ಬು ಏರಿಸಿದ, ಸ್ವಲ್ಪ ಜಾಸ್ತಿಯೇ. ಕಳ್ಳಿ ಅಜ್ಜಿ ರಾಜನ ಕಿರೀಟವನ್ನೇ ಎಗರಿಸಿದಾಗ ಬಾಯಿ ಮುಚ್ಚಿಕೊಂಡ. ನಟನೆ ಅವನಿಗೆ ಹುಟ್ಟಿಬಂದ ಕಲೆಯೇನಲ್ಲ. ಒಮ್ಮೆಯಂತೂ ಅಜ್ಜಿ ಕದಿಯುವುದಕ್ಕಿಂತ ಮುಂಚೆಯೇ ಬಾಯಿ ಮುಚ್ಚಿಕೊಂಡುಬಿಟ್ಟ. ಅವಳ ಹುಬ್ಬು ಗಂಟಿಕ್ಕಿತು. ಪಾಪ, ಆಕಳಿಕೆ ಬಂದ ಹಾಗೆ ಮಾಡಿ ಪಾರಾದ.

ಆದರೆ ನಗು ಮಾತ್ರ ನಟನೆಯಲ್ಲ. ಹೇಸರಗತ್ತೆಗೆ ಅವಳು ಕೊಟ್ಟದ್ದು ಒಂದು ಮೂಗಿನ ದನಿ, ಬಂಧುಗಳ ಮನೆಗೆ ಬಂದು ಎಲ್ಲದರಲ್ಲೂ ತಪ್ಪು ಹುಡುಕುವ ಸೋದರತ್ತೆಯ ದನಿ. ಅಕ್ಕನ ಹೇಸರಗತ್ತೆ ಬರೀ ಒರಟು. ಇದು ಬೇರೆಯೇ. ಮೌನಿ ಮೇಜಿಗೆ ಹಣೆಯಿಟ್ಟು ನಕ್ಕ, ರೆಕಾರ್ಡಿಂಗ್ ನಿಲ್ಲಿಸಬೇಕಾಯಿತು.

"ನಕ್ಕರು!" ಒಳಗಿನಿಂದ ಅವಳು ಮೇಜು ಕುಟ್ಟಿದಳು. "ಮೌನಿಗಳು ನಕ್ಕರು! ಯಾರಾದ್ರೂ ಬಂದು ನೋಡ್ರಪ್ಪಾ!"

ಟೀ ವಿರಾಮದಲ್ಲಿ ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವಳದ್ದು ಬಿಸಿನೀರು, ಗಂಟಲಿಗೆ. ಅವನದ್ದು ಟೀ. ದಿನಾ ಅವಳದ್ದು ಒಂದೇ ಪ್ರಶ್ನೆ.

"ಇವತ್ತಿಗೆ ಯಾರಿಷ್ಟ?"

"ನಕ್ಷೆಗಾರ."

"ನಿನ್ನೆ ಅಜ್ಜಿ ಅಂದ್ರಿ."

"ನಿನ್ನೆ ಅಜ್ಜಿದು ದೊಡ್ಡ ಪಾತ್ರ ಇತ್ತು."

"ನಿಷ್ಠೆನೇ ಇಲ್ಲ ನಿಮಗೆ!" ಎಂದು ಅವಳು ಲೋಟದ ಅಂಚಿನ ಮೇಲಿಂದ ಅವನನ್ನು ನೋಡುತ್ತಿದ್ದಳು. ಬರೀ ಕಣ್ಣುಗಳು ಕಾಣುತ್ತಿದ್ದವು. ನಗು ಲೋಟದ ಹಿಂದೆ ಇರುತ್ತಿತ್ತು. ಅವನ ಟೀ ಹಾಗೇ ಆರಿ ಹೋಗುತ್ತಿತ್ತು.

ಒಂದು ದಿನ ಆ ಮೆಟ್ಟಿಲ ಮೇಲೇ ಅವಳು ಹೇಳಿದಳು. "ನಮ್ಮನೇಲಿ ಯಾರೂ ಪುಸ್ತಕ ಮುಟ್ಟಲ್ಲ. ಅಮ್ಮನಿಗೆ ಇದು ಕತ್ತೆ ಪುಸ್ತಕ. 'ಇನ್ನೂ ಆ ಕತ್ತೆ ಪುಸ್ತಕನೇ ಓದ್ತಿದೀಯಾ' ಅಂತಾರೆ. ಗೆಳತಿಯರಿಗೆಲ್ಲ ಕೊಟ್ಟೆ, ಹತ್ತು ಪುಟ ಓದಿ ವಾಪಸ್ ಕೊಟ್ರು. ಆಮೇಲೆ ಒಬ್ಬರ ಜತೆ ಮದುವೆ ಮಾತಾಯ್ತು."

ಟೀ ಲೋಟ ಮೌನಿಯ ತುಟಿಯ ಬಳಿಯೇ ನಿಂತಿತು. "ಆಯ್ತಾ?"

"ಮಾತು ಆಯ್ತು, ಮದುವೆ ಆಗ್ಲಿಲ್ಲ. ಪುಸ್ತಕ ಕೊಟ್ಟೆ. 'ಓದ್ದೆ, ಅದ್ಭುತ' ಅಂದ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಯಾರಿಷ್ಟ ಆದ್ರು ಅಂತ ಕೇಳ್ದೆ." ಅವಳು ಬಿಸಿನೀರು ಗುಟುಕರಿಸಿದಳು. "'ಹೀರೋ' ಅಂದ."

ಅವನಿಗೆ ತಡೆಯಲಾಗಲಿಲ್ಲ. ಆ ಪುಸ್ತಕದಲ್ಲಿ ಹೀರೋ ಎಲ್ಲಿದ್ದಾನೆ? ಎಲ್ಲರೂ ಸೇರಿ ಎತ್ತುವ ಮಡಕೆ ಅದು. ನಗು ಮೂಗಿನವರೆಗೆ ಬಂದಿತ್ತು. ಸದ್ಯ, ಟೀ ಒಳಗೆ ಮುಖ ಹುದುಗಿಸಿಕೊಂಡ.

"ಓದಿಲ್ಲ ಅಂದಿದ್ರೆ ನನಗೇನೂ ಆಗ್ತಿರ್ಲಿಲ್ಲ," ಎಂದಳು ಅವಳು. "ಸುಳ್ಳು ಹೇಳಿದನಲ್ಲ, ಅದು ನೋಡಿ. ಅದಕ್ಕೇ ನೀವಂದ್ರೆ ನನಗೆ... ಒಂದು ಥರಾ ಸಮಾಧಾನ. ನೀವು ನೇರವಾಗಿ ತಲೆ ಆಡಿಸಿ ಇಲ್ಲ ಅಂದ್ರಿ."

ಈಗ ಹೇಳು, ಈಗಲೇ ಹೇಳು ಎಂದು ಅವನನ್ನು ಒಳಗಿನಿಂದ ಯಾರೋ ತಿವಿದರು. ಅಷ್ಟರಲ್ಲಿ ಅವಳು ಎದ್ದು, ಸೆರಗಿಗೆ ಅಂಟಿದ ಧೂಳು ಕೊಡವಿ, "ಬನ್ನಿ, ಮೌನಿಗಳೇ. ನಕ್ಷೆಗಾರ ಇವತ್ತು ಮತ್ತೆ ದಾರಿ ತಪ್ತಾನೆ," ಎಂದು ಒಳಗೆ ಹೋಗಿಬಿಟ್ಟಳು. ಹೇಳಿದರೆ ಆ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ನಾನೂ ಆ ಹೀರೋ ಅಂದವನ ಸಾಲಿಗೇ ಸೇರುತ್ತೇನೆ. ಮೌನಿ ಆರಿದ ಟೀ ಚೆಲ್ಲಿ ಹಿಂದೆ ಹೋದ.

ಸಂಜೆ ಎಲ್ಲರೂ ಹೋದ ಮೇಲೆ ಅವನು ದಿನದ ರೆಕಾರ್ಡಿಂಗನ್ನು ಚೊಕ್ಕ ಮಾಡುತ್ತಿದ್ದ. ಪುಟ ತಿರುಗಿದ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಪ್ಯಾರಾ ಶುರುವಾಗುವ ಮುನ್ನ ಅವಳು ಎಳೆದುಕೊಂಡ ಉಸಿರು, ಎಲ್ಲವನ್ನೂ ಕತ್ತರಿಸಿ ತೆಗೆಯುವುದು ಅವನ ಕೆಲಸ. ತೆಗೆದ. ಒಂದನ್ನೂ ಬಿಡದೆ ತೆಗೆದ. ಕೆಲಸದಲ್ಲಿ ಅವನು ಬಲು ಕಟ್ಟುನಿಟ್ಟು. ತೆಗೆಯುವ ಮುನ್ನ ಇನ್ನೊಂದು ಸಲ ಕೇಳುತ್ತಿದ್ದ, ಅಷ್ಟೇ.

ದೈತ್ಯನ ಅಧ್ಯಾಯ ಬಂತು.

ಆ ಬೆಳಗ್ಗೆ ಅವಳು ಗಾಜಿನಾಚೆಯ ಬೂತಿನೊಳಗೆ ಹೋಗುವ ಮುನ್ನ ಅವನ ಮೇಜಿನ ಮೇಲೆ ಒಂದು ಬಿಸ್ಕೆಟ್ ಪ್ಯಾಕೆಟ್ ಇಟ್ಟಳು.

"ಇದ್ಯಾಕೆ?"

"ಇಟ್ಕೊಂಡಿರಿ. ಇವತ್ತು ಸ್ವಲ್ಪ ಗಟ್ಟಿಯಾಗಿರ್ಬೇಕು ನೀವು. ಜಾಸ್ತಿ ಹೇಳಲ್ಲ." ದನಿ ತಗ್ಗಿಸಿ, ಆಸ್ಪತ್ರೆಯಲ್ಲಿ ಮಾತಾಡುವವರ ಹಾಗೆ ಸೇರಿಸಿದಳು, "ಅಳು ಬಂದ್ರೆ ನಾಚಿಕೆ ಪಟ್ಕೋಬೇಡಿ. ನಾನೂ ಆ ಕಡೆ ನೋಡಲ್ಲ."

ಬಳಗದ ಹಿಂದೆ ಶತ್ರುಗಳು ಬಿದ್ದಿದ್ದಾರೆ. ಮುಂದೆ ಕಣಿವೆ, ಮೇಲೆ ತೂಗುಸೇತುವೆ, ಸೇತುವೆಯ ಹಗ್ಗ ಹರಿಯುತ್ತಿದೆ. ಎತ್ತರ ಕಂಡರೆ ನಡುಗುವ ದೈತ್ಯ ಕಣ್ಣು ಮುಚ್ಚಿಕೊಂಡು ಬಂಡೆಯ ಅಂಚಿಗೆ ಹೋಗಿ, ಹರಿದ ಹಗ್ಗವನ್ನು ತೋಳಿಗೆ ಸುತ್ತಿಕೊಂಡು ನಿಲ್ಲುತ್ತಾನೆ. ಒಬ್ಬೊಬ್ಬರೇ ದಾಟುತ್ತಾರೆ. ಹೇಸರಗತ್ತೆ ಕೂಡ ಅವತ್ತು ಬಾಯಿಮುಚ್ಚಿಕೊಂಡು ದಾಟುತ್ತದೆ. ದಾಟಿ ತಿರುಗಿ ನೋಡುವಷ್ಟರಲ್ಲಿ ಬಂಡೆ ಸಡಿಲವಾಗಿರುತ್ತದೆ.

ಓದುವವರು ಒಂದೇ ಒಂದು ಪದ ಹೆಚ್ಚು ಹೇಳಿದರೂ, ಕಡಿಮೆ ಹೇಳಿದರೂ ಗುಂಡಿ ಒತ್ತಿ ನಿಲ್ಲಿಸಬೇಕು. ಅದಕ್ಕೆಂದೇ ಎಂಜಿನಿಯರ್‌ನ ಮುಂದೆಯೂ ಅಚ್ಚಾದ ಪುಟಗಳಿರುತ್ತವೆ. ಅವತ್ತು ಮೌನಿ ಪುಟ ನೋಡಲಿಲ್ಲ. ಅವಳೂ ನೋಡಲಿಲ್ಲ. ಅವಳು ಕಣ್ಣು ಮುಚ್ಚಿ ಓದುತ್ತಿದ್ದಳು, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.

"'ನನಗೆ ಭಯವಾಗಲಿಲ್ಲ ಎಂದು ಎಲ್ಲರಿಗೂ ಹೇಳಿ,' ಎಂದ ದೈತ್ಯ. 'ಸುಳ್ಳಾದರೂ ಪರವಾಗಿಲ್ಲ, ಹೇಳಿ.'"

ಆ ದನಿ ಅವಳು ಎಲ್ಲಿಂದ ತಂದಳೋ. ಅಷ್ಟು ದೊಡ್ಡ ಒಡಲಿಗೆ ಅಷ್ಟು ಚಿಕ್ಕ ದನಿ. ಎಷ್ಟು ಸಲ ಓದಿದ್ದರೂ ದೈತ್ಯ ನಿಜವಾಗಿ ಸತ್ತದ್ದು ಅವತ್ತೇ ಎನ್ನಿಸಿತು ಅವನಿಗೆ. ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲು ಕೈ ಎತ್ತಿದಾಗ ನೋಡಿದ, ಗಾಜಿನಾಚೆ ಅವಳೂ ಒರೆಸಿಕೊಳ್ಳುತ್ತಿದ್ದಳು. ಆ ಕಡೆ ನೋಡಲ್ಲ ಎಂದವಳು ಅವನನ್ನೇ ನೋಡುತ್ತಿದ್ದಳು.

ಹೊರಗೆ ಬಂದು ಅವಳೇ ಬಿಸ್ಕೆಟ್ ಪ್ಯಾಕೆಟ್ ಒಡೆದು ಒಂದು ಬಿಸ್ಕೆಟ್ ಅವನ ಕೈಗಿಟ್ಟಳು. ಬೆರಳುಗಳು ಅಲ್ಲೇ ಸ್ವಲ್ಪ ಹೊತ್ತು ಉಳಿದವು. ಬಿಸ್ಕೆಟ್ ಕೊಡಲು ಅಷ್ಟು ಹೊತ್ತು ಬೇಕಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಸಮಾಧಾನ ಮಾಡ್ಕೊಳ್ಳಿ," ಎಂದಳು ಮೆಲ್ಲಗೆ. "ಮೊದಲ ಸಲ ಹೀಗೇ ಆಗುತ್ತೆ."

ಆ ರಾತ್ರಿ ಮೌನಿಗೆ ಊಟ ಸೇರಲಿಲ್ಲ.

ಸಿಕ್ಕಿಬಿದ್ದದ್ದು ಟೀಚರಮ್ಮನ ಕೈಯಲ್ಲಿ. ಟೀಚರಮ್ಮ ಎಂದರೆ ನಿವೃತ್ತಿಯಾದ ಮೇಲೂ ತಪ್ಪು ಹುಡುಕುವ ಚಟ ಬಿಡದೆ ಸ್ಟುಡಿಯೋಗೆ ಸೇರಿಕೊಂಡ ಶಾಲಾ ಶಿಕ್ಷಕಿ. ಹಿಂದಿನ ಕೋಣೆಯಲ್ಲಿ ಕೂತು, ಪುಟದ ಮೇಲೆ ಬೆರಳಿಟ್ಟುಕೊಂಡು, ರೆಕಾರ್ಡಾದದ್ದನ್ನೆಲ್ಲ ಅಕ್ಷರ ಅಕ್ಷರ ತಾಳೆ ನೋಡುತ್ತಿದ್ದರು. ಕೊನೆಯ ಅಧ್ಯಾಯವೊಂದು ಬಾಕಿ ಇದ್ದಾಗ, ಟೀ ವಿರಾಮದ ಹೊತ್ತಿಗೆ, ಅವರು ಪುಟ ಹಿಡಿದು ಮೆಟ್ಟಿಲ ಬಳಿ ಬಂದರು.

"ಏನಮ್ಮಾ, ದೈತ್ಯನ ಬಾಯಲ್ಲಿ ಒಂದು ಸಾಲು ಜಾಸ್ತಿ ಹೇಳಿಸಿದೀಯಲ್ಲ. 'ಸುಳ್ಳಾದರೂ ಪರವಾಗಿಲ್ಲ' ಅಂತ. ಪುಸ್ತಕದಲ್ಲಿ ಇಲ್ಲ ಅದು."

"ಇಲ್ದೇ ಏನು ಟೀಚರಮ್ಮ? ಅದೇ ಮುಖ್ಯವಾದ ಸಾಲು!" ಅವಳು ಪುಟ ಕಸಿದುಕೊಂಡು ನೋಡಿದಳು. ಇರಲಿಲ್ಲ. ಭಯವಾಗಲಿಲ್ಲ ಎಂದು ಎಲ್ಲರಿಗೂ ಹೇಳಿ, ಅಷ್ಟೇ. ಕೂಡಲೇ ಚೀಲದಿಂದ ತನ್ನ ಹಳೇ ಪ್ರತಿ ತೆಗೆದಳು. ಅದರಲ್ಲಿ ಇತ್ತು.

"ಹೊಸ ಮುದ್ರಣದಲ್ಲಿ ಬಿಟ್ಟುಹೋಗಿದೆ ಅಂತ ಕಾಣುತ್ತೆ," ಎಂದರು ಟೀಚರಮ್ಮ. "ನಿನ್ನದು ಬಿಡು, ಬಾಯಿಪಾಠ ಇತ್ತು, ಹೇಳಿಬಿಟ್ಟೆ. ಆದ್ರೆ ಮೌನಿ, 'ಮತ್ತು' ಅನ್ನೋ ಪದ ಜಾಸ್ತಿ ಆದ್ರೂ ನಿಲ್ಲಿಸೋ ಮನುಷ್ಯ ನೀನು. ಇಡೀ ಸಾಲು ಜಾಸ್ತಿ ಆಗಿದೆ, ನಿನ್ನ ಕಿವಿಗೆ ಹೇಗಪ್ಪಾ ಬೀಳ್ಲಿಲ್ಲ?"

ಮೌನಿ ಟೀ ಲೋಟವನ್ನು ಮೆಟ್ಟಿಲ ಮೇಲಿಟ್ಟ.

ಓದುಗಿತ್ತಿ ನಿಧಾನವಾಗಿ ಅವನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಒಂದೊಂದೇ ಲೆಕ್ಕ ಕೂಡುವುದು ಕಾಣುತ್ತಿತ್ತು. ಅಜ್ಜಿ ಕದಿಯುವ ಮುಂಚೆಯೇ ಬಾಯಿ ಮುಚ್ಚಿಕೊಂಡದ್ದು. ಹೀರೋ ಎಂದಾಗ ಟೀಯಲ್ಲಿ ಮುಖ ಹುದುಗಿಸಿದ್ದು.

"ಬಿದ್ದಿತ್ತು ಟೀಚರಮ್ಮ," ಎಂದಳು. "ಅದು ಅಲ್ಲಿ ಇರಬೇಕಾದ ಸಾಲು ಅಂತ ಅವರಿಗೂ ಗೊತ್ತಿತ್ತು. ಅದಕ್ಕೇ ಜಾಸ್ತಿ ಅನ್ನಿಸ್ಲಿಲ್ಲ. ಅಲ್ವಾ?"

ಟೀಚರಮ್ಮ ಇಬ್ಬರ ಮುಖ ನೋಡಿ, ತಮಗೇನೋ ಕೆಲಸವಿದೆ ಎಂದು ಒಳಗೆ ಹೋದರು.

"ಎಷ್ಟು ಸಲ ಓದಿದೀರಾ?"

"ತುಂಬಾ," ಎಂದ ಅವನು.

"ಛೇ! ನಾನು ನಿಮಗೆ ಬಿಸ್ಕೆಟ್ ತಂದ್ಕೊಟ್ಟೆ!" ಅವಳು ಎದ್ದು ನಿಂತಳು. "ಸಮಾಧಾನ ಮಾಡಿದೆ! ಗಟ್ಟಿಯಾಗಿರಿ ಅಂದೆ! ಒಳಗೊಳಗೇ ಎಷ್ಟು ನಕ್ಕಿರ್ಬೇಡ ನೀವು!"

"ಇಲ್ಲ, ಇಲ್ಲ... ನಗ್ಲಿಲ್ಲ. ಅವತ್ತು ನಾನು..."

"ಅವನು ಓದದೇ ಓದಿದೀನಿ ಅಂದ. ನೀವು ಓದಿ ಓದಿಲ್ಲ ಅಂದ್ರಿ. ನನ್ನ ಹಣೇಲಿ ನೇರವಾಗಿ ಮಾತಾಡೋ ಒಬ್ಬ ಮನುಷ್ಯನೂ ಬರೆದಿಲ್ವಾ?"

ಹಳೇ ಪುಸ್ತಕವನ್ನು ಎದೆಗವಚಿಕೊಂಡು ಅವಳು ಹೊರಟೇ ಹೋದಳು. ಬಿಸಿನೀರಿನ ಲೋಟ ಮೆಟ್ಟಿಲ ಮೇಲೇ ಉಳಿಯಿತು.

"ನಾನು ಮೊದಲೇ ಹೇಳಿದ್ನೋ ಇಲ್ವೋ?" ಎಂದಳು ಅಕ್ಕ, ಆ ರಾತ್ರಿ ಮನೆಯಲ್ಲಿ. ತಮ್ಮನ ಮುಖ ನೋಡಿ ಬೈಯುವುದನ್ನು ಅರ್ಧಕ್ಕೇ ಬಿಟ್ಟು ಪಕ್ಕದಲ್ಲಿ ಕೂತಳು. "ಕೊನೇ ಅಧ್ಯಾಯ ಬಾಕಿ ಇದೆಯಲ್ವಾ?"

"ಅವಳು ಬೇರೆ ಎಂಜಿನಿಯರ್ ಕೇಳಿದ್ರೆ?"

"ಕೇಳಿದ್ರೆ ಕೇಳ್ಲಿ. ಕೇಳದೇ ನಿನ್ನ ಹತ್ರನೇ ಬಂದ್ರೆ? ಆಗಲೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತೀಯಾ? ಹಲ್ಲು ಹುಳುಕಾದಾಗ ತೋರಿಸದೇ ಇರೋರನ್ನ ದಿನಾ ನೋಡ್ತೀನಿ ನಾನು. ಕೊನೆಗೆ ಕೀಳಿಸಿಕೊಂಡು ಹೋಗ್ತಾರೆ."

ಮರುದಿನ ಓದುಗಿತ್ತಿ ಬಂದಳು. ಕೆಲಸ ಅರ್ಧಕ್ಕೆ ಬಿಡುವವಳಲ್ಲ. ನಮಸ್ಕಾರವಿಲ್ಲ, ನಗುವಿಲ್ಲ, ಕಿವಿಯಲ್ಲಿ ಓಲೆಯೂ ಇಲ್ಲ. ನೇರ ಬೂತಿಗೆ ಹೋಗಿ ಕೂತು, ಪುಟ ಹರಡಿಕೊಂಡು, "ಶುರು ಮಾಡಿ," ಎಂದಳು.

ಓದಿದಳು. ಒಂದು ತಪ್ಪಿಲ್ಲ, ಒಂದು ಪದ ಹೆಚ್ಚಿಲ್ಲ. ಆದರೆ ಅಜ್ಜಿ ಅಜ್ಜಿಯಾಗಿರಲಿಲ್ಲ, ಹೇಸರಗತ್ತೆ ಬರೀ ಕತ್ತೆಯಾಗಿತ್ತು. ರೈಲು ನಿಲ್ದಾಣದಲ್ಲಿ ಗಾಡಿ ತಡ ಎಂದು ಹೇಳುವ ದನಿಯಲ್ಲಿ ಬೂದಿಬೆಟ್ಟಕ್ಕೆ ಬೆಂಕಿ ಹತ್ತಿತು. ಮೌನಿಗೆ ಗುಂಡಿ ಒತ್ತಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಒತ್ತುವುದು? ಪುಸ್ತಕ ಇನ್ನು ನಾಲ್ಕು ಪುಟ. ಅದು ಮುಗಿದರೆ ಅವಳು ಎದ್ದು ಹೋಗುತ್ತಾಳೆ. ಮತ್ತೆ ಬರಲು ಅವಳಿಗೆ ಕಾರಣವಿಲ್ಲ, ಕರೆಯಲು ಅವನಿಗೆ ಬಾಯಿಲ್ಲ.

ಬೆಟ್ಟದ ಬೆಂಕಿಯ ಸುತ್ತ ಬಳಗ ಕೂತಿದೆ. ದೈತ್ಯನ ಜಾಗ ಖಾಲಿ ಬಿಟ್ಟಿದ್ದಾರೆ. ಆಗ ರಾಜಕುಮಾರಿ ಮಾತಾಡುತ್ತಾಳೆ, ಇಡೀ ಪುಸ್ತಕದಲ್ಲಿ ಮೊದಲ ಬಾರಿ. ಎಲ್ಲರೂ ಬೆಚ್ಚಿಬಿದ್ದು, ಶಾಪ ಬಿಟ್ಟಿತೇ ಎಂದು ಕೇಳುತ್ತಾರೆ.

"'ಶಾಪ ಯಾವುದೂ ಇರಲಿಲ್ಲ,' ಎಂದಳು ರಾಜಕುಮಾರಿ," ಓದುಗಿತ್ತಿ ಒಣಗಿದ ದನಿಯಲ್ಲಿ ಓದಿದಳು. "'ಮೊದಲ ದಿನ ನೀವೆಲ್ಲ ಸೇರಿ ನಾನು ಮೂಗಿ ಎಂದುಕೊಂಡಿರಿ. ಅಲ್ಲ ಎನ್ನಲು ಹೊರಟೆ. ಆಗ ನೀವು ನನ್ನನ್ನು ಎಷ್ಟು ಪ್ರೀತಿಯಿಂದ ನೋಡಿದಿರೆಂದರೆ, ನನಗೆ ಹೇಳಲಾಗಲಿಲ್ಲ. ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು. ಆಮೇಲೆ...'"

ನಿಂತುಬಿಟ್ಟಳು.

ಆ ಸಾಲುಗಳನ್ನು ಅವಳು ಎಷ್ಟೋ ಸಲ ಓದಿದ್ದಳು. ಓದಿದಾಗಲೆಲ್ಲ, ಎಂಥ ದಡ್ಡ ಹುಡುಗಿ, ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದು ರಾಜಕುಮಾರಿಯ ಮೇಲೆ ರೇಗಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಇವತ್ತು ಪುಟ ತಿರುಗಲಿಲ್ಲ. ತಲೆ ಎತ್ತಿ ಗಾಜಿನಾಚೆ ನೋಡಿದಳು. ಅಲ್ಲಿ ಆ ದಡ್ಡ ರಾಜಕುಮಾರಿ ಗಡ್ಡ ಕೆರೆದುಕೊಳ್ಳುತ್ತಾ, ಹೆಡ್‌ಫೋನ್ ಹಾಕಿಕೊಂಡು ಕೂತಿತ್ತು.

ಮೌನಿ ಕೆಂಪು ಗುಂಡಿ ಒತ್ತಿದ. ಬೆರಳು ತೆಗೆಯಲಿಲ್ಲ.

"ಅವತ್ತು ನಾನು ತಲೆ ಆಡಿಸಿದ್ದು ಓಲೆಗೆ," ಎಂದ. "ನಿಮ್ಮ ಪ್ರಶ್ನೆ ಕೇಳಿಸಿದ್ದೇ ಆಮೇಲೆ. ಹೇಳೋಣ ಅಂದ್ರೆ ನೀವು ಹಾಗೆ ನೋಡಿದ್ರಿ. ನನ್ನನ್ನ ಯಾರೂ ಹಾಗೆ ನೋಡಿರ್ಲಿಲ್ಲ. ಇನ್ನೊಂದು ದಿನ ಹಾಗೇ ನೋಡ್ಲಿ ಅಂತ ಆಸೆ ಆಯ್ತು. ಆಮೇಲೆ ಇನ್ನೊಂದು ದಿನ. ತಪ್ಪೇ ಅದು. ನಿಮಗೆ ಆಗ್ಲೇ ಒಬ್ಬ ಸುಳ್ಳು ಹೇಳಿದ್ದ ಅಂತ ಗೊತ್ತಾದ ಮೇಲೂ ಸುಮ್ನಿದ್ದೆ, ಅದು ದೊಡ್ಡ ತಪ್ಪು."

ಅವಳು ಮುಂದಿದ್ದ ಪುಟಗಳನ್ನು ಮಗುಚಿಟ್ಟಳು.

"ಆದ್ರೆ ಅವತ್ತು ಅತ್ತಿದ್ದು ಸುಳ್ಳಲ್ಲ. ಹೇಸರಗತ್ತೆಗೆ ನಕ್ಕಿದ್ದೂ ಸುಳ್ಳಲ್ಲ. ಪುಸ್ತಕ ಎಷ್ಟೋ ಸಲ ಓದಿದ್ದೆ. ನೀವು ಓದಿದ್ದು ಕೇಳಿದ್ದು ಮೊದಲ ಸಲನೇ ಅಲ್ವಾ? ಇನ್ನು ಮನೇಲಿ ಆ ಪುಸ್ತಕ ತೆಗೆದ್ರೆ ಅಕ್ಕನ ದನಿ ಬರಲ್ಲ, ನನ್ನ ದನಿನೂ ಬರಲ್ಲ. ಎಲ್ಲರೂ ನಿಮ್ಮ ದನೀಲೇ ಮಾತಾಡ್ತಾರೆ. ನೀವು ಇವತ್ತು ಎದ್ದು ಹೋದ್ರೆ ನಾನು ಅದನ್ನ ಮತ್ತೆ ಓದೋಕಾಗಲ್ಲ."

ಅಷ್ಟು ಮಾತನ್ನು ಅವನು ಒಂದೇ ಉಸಿರಿಗೆ ಜನ್ಮದಲ್ಲಿ ಆಡಿರಲಿಲ್ಲ. ಹೆಡ್‌ಫೋನಿನಲ್ಲಿ ಅವಳ ಉಸಿರು ಕೇಳುತ್ತಿತ್ತು.

"ಯಾರಿಷ್ಟ?" ಎಂದಳು ಕೊನೆಗೆ.

"ಹಾಂ?"

"ನಿಜ ಹೇಳ್ಬೇಕು. ದಿನಾ ಒಬ್ಬೊಬ್ಬರ ಹೆಸರು ಹೇಳಿದ್ಯಲ್ಲ ಸುಳ್ಳ, ನಿಜವಾಗ್ಲೂ ನಿನಗೆ ಯಾರಿಷ್ಟ?"

ಕೋಪದಲ್ಲಿ ಬಹುವಚನ ಬಿದ್ದುಹೋಗಿತ್ತು. ಅವಳು ಎತ್ತಿಕೊಳ್ಳಲಿಲ್ಲ.

"ರಾಜಕುಮಾರಿ," ಎಂದ ಅವನು, ಕಿವಿಯೆಲ್ಲ ಕೆಂಪಾಗಿ. "ಚಿಕ್ಕೋನಿದ್ದಾಗಿಂದ. ಅಕ್ಕನಿಗೂ ಹೇಳಿಲ್ಲ. ನಗ್ತಾಳೆ ಅಂತ ದೈತ್ಯ ಅಂದಿದ್ದೆ."

ಅವಳ ತುಟಿ ಒಂದು ಬದಿಗೆ ಸರಿಯಿತು. ತಡೆಹಿಡಿಯಲು ನೋಡಿದಳು, ಆಗಲಿಲ್ಲ. ಎದ್ದು ಬೂತಿನ ದಪ್ಪ ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು. ಇಷ್ಟು ದಿನ ನಡುವೆ ಇದ್ದ ಗಾಜು ಇರಲಿಲ್ಲ. ಮೌನಿ ಎದ್ದು ನಿಂತ. ಹೆಡ್‌ಫೋನಿನ ವೈರು ಎಳೆದು ಕುರ್ಚಿ ಬಿತ್ತು.

"ಭಯ ಆಗ್ತಿದೆಯಾ?" ಎಂದಳು ಅವಳು, ತೀರಾ ಹತ್ತಿರ ಬಂದು.

"ಇಲ್ಲ."

"ಸುಳ್ಳು."

"ಸುಳ್ಳಾದರೂ ಪರವಾಗಿಲ್ಲ," ಎಂದ ಅವನು.

ಅವಳು ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೇ ಮಾಡಿದಳು. ಆಮೇಲೆ ಅವನ ತಲೆಯಿಂದ ಹೆಡ್‌ಫೋನನ್ನು ಎರಡೂ ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು. ಅಲ್ಲಿಂದ ಮುಂದಿನದ್ದು ನಮಗೆ ಬೇಡ. "ಇಷ್ಟ ಕಣೋ ನೀನು, ದಡ್ಡ," ಎಂದಳು ಎಂಬುದಷ್ಟು ಗೊತ್ತು. ಕೊನೆಯ ಅಧ್ಯಾಯ ಅಂದು ಮಧ್ಯಾಹ್ನ ಮತ್ತೆ ಮೊದಲಿಂದ ರೆಕಾರ್ಡಾಯಿತು. ಅಜ್ಜಿ ಅಜ್ಜಿಯಾಗಿದ್ದಳು, ಹೇಸರಗತ್ತೆ ಸೋದರತ್ತೆಯಾಗಿತ್ತು.

ಮರುದಿನ ಬೆಳಗ್ಗೆ ಇಬ್ಬರೂ ಮೆಟ್ಟಿಲ ಮೇಲೆ ಒಂದೇ ಲೋಟದಲ್ಲಿ ಟೀ ಕುಡಿಯುತ್ತಿದ್ದಾಗ ಟೀಚರಮ್ಮ ಬಂದರು. ಕನ್ನಡಕ ಹಣೆಯ ಮೇಲಿತ್ತು.

"ಪ್ರಕಾಶಕರಿಗೆ ಫೋನ್ ಮಾಡಿದ್ದೆ. ದೈತ್ಯನ ಸಾಲು ಅಚ್ಚಿನಲ್ಲಿ ತಪ್ಪಿ ಹೋಗಿತ್ತಂತೆ, ಇರಲಿ ಅಂದ್ರು," ಎಂದರು. "ಅದಿರಲಿ. ಕೊನೇ ಅಧ್ಯಾಯದ ಮೊದಲನೇ ರೆಕಾರ್ಡಿಂಗ್ ಕೇಳ್ದೆ. ರಾಜಕುಮಾರಿ ಮಾತು ಆದ ಮೇಲೆ ಅದರಲ್ಲಿ ಪುಸ್ತಕದಲ್ಲಿ ಇಲ್ಲದ್ದು ಬೇಕಾದಷ್ಟಿದೆ. ಕುರ್ಚಿ ಬಿದ್ದ ಸದ್ದೂ ಇದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಉಸಿರನ್ನೂ ಬಿಡದೆ ಕತ್ತರಿಸುವ ಆ ಕಟ್ಟುನಿಟ್ಟಿನ ಎಂಜಿನಿಯರ್ ಮಹಾಶಯ ಅವತ್ತು ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತಿದ್ದ. ಓದುಗಿತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅಳಿಸಿಬಿಡ್ಲಾ?" ಎಂದು ಕೇಳಿದರು ಟೀಚರಮ್ಮ, ನಗು ಬರದ ಹಾಗೆ ನೋಡಿಕೊಂಡು.

ಉತ್ತರ ಕೊಟ್ಟದ್ದು ಮೌನಿ. ಅದೂ ತಡವರಿಸದೆ.

"ಬೇಡ ಟೀಚರಮ್ಮ. ಅದು ಹಳೇ ಮುದ್ರಣದಲ್ಲಿತ್ತು."